ಮೊಲಗಳು ಹೇಳಿಕೊಟ್ಟ ಸತ್ಯ
ವೈದ್ಯ ರೆಗ್ನಿಯರ್ ಡಿ ಗ್ರಾಫ್ ಅವರ ಬಾಳಿನ ಕಥೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಶಿಗ್ಗಾಂವಿ ತಲುಪುವ ಮೊದಲು ತಡಸ ಸಿಗುತ್ತದೆ. ಮುಂಡಗೋಡದ ದಾರಿ ಕವಲೊಡೆಯುವುದು ಇಲ್ಲಿಯೇ. ಇಂಥ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಗೋವಿನಜೋಳದ ಹೊಲ, ಒಂದೆರಡು ಆಕಳು, ಜೊತೆಗೆ ಹಿತ್ತಲಲ್ಲಿ ಐದಾರು ಮೊಲದ ಗೂಡುಗಳು. ಮಕ್ಕಳು ಶಾಲೆಯಿಂದ ಬಂದೊಡನೆ ಕುದುರೆಮಸಾಲೆ ಸೊಪ್ಪು ತಂದು ಹಾಕುತ್ತಾರೆ. ಚಳಿಗಾಲದಲ್ಲಿ ಗೂಡುಗಳ ತುಂಬ ಮರಿಗಳಿದ್ದವು. ಆದರೆ ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೂ ಒಂದು ಹೆಣ್ಣು ಮೊಲವೂ ಗಬ್ಬ ಕಟ್ಟಿಲ್ಲ. ಹೆಣ್ಣು ಮೊಲಗಳು ಗೊಡ್ಡಾಗಿವೆ, ಮಾರಿಬಿಡಬೇಕು ಎಂದು ಮನೆಯವರು ತೀರ್ಮಾನಿಸುತ್ತಾರೆ. ಮೂಲೆಯ ಗೂಡಿನಲ್ಲಿ ಚೆನ್ನಾಗಿ ಮೇಯುತ್ತಾ ಕುಳಿತಿರುವ ಗಂಡು ಮೊಲದ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ.

ಹಿತ್ತಲಿನ ಈ ತೀರ್ಪು ಎಷ್ಟೋ ಸಲ ನಡುಮನೆಗೂ ಬರುತ್ತದೆ. ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ತೂಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗಬೇಕಾದವಳು ಸೊಸೆ, ಹರಕೆ ಹೊರಬೇಕಾದವಳು ಸೊಸೆ, ಬೀದಿಯ ಮಾತು ಕೇಳಬೇಕಾದವಳೂ ಅವಳೇ. ಗಂಡಸು ಬೀಜ, ಹೆಂಗಸು ಹೊಲ ಎಂಬ ಹಳೆಯ ಮಾತು ನಮ್ಮಲ್ಲಿ ಬೇರೂರಿದೆ. ಬೆಳೆ ಬಾರದಿದ್ದರೆ ನೆಲ ಬಂಜರು ಎನ್ನುವುದು ಸುಲಭ. ಬೀಜವನ್ನೂ ಪರೀಕ್ಷಿಸಬೇಕೆಂಬುದು ಬಹಳ ತಡವಾಗಿ ಹೊಳೆಯುತ್ತದೆ.

ಪ್ರಿಯ ಓದುಗರೇ, ಈ ಹಳೆಯ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಒಬ್ಬರು ಹಾಲೆಂಡ್ ದೇಶದ ಒಬ್ಬ ಕಥೋಲಿಕ ವೈದ್ಯರು. ಅವರು ಬದುಕಿದ್ದು ಕೇವಲ 32 ವರ್ಷ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದುವ ನಮ್ಮ ಮಕ್ಕಳು ಅಂಡಾಶಯದ ಪಾಠದಲ್ಲಿ ಗ್ರಾಫಿಯನ್ ಕೋಶಿಕೆ ಎಂಬ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಗ್ರಾಫ್ ಯಾರು, ಅವರು ಮೊಲಗಳಿಂದ ಏನು ಕಲಿತರು, ಯಾವ ನೋವಿನಲ್ಲಿ ಕಣ್ಣು ಮುಚ್ಚಿದರು ಎಂಬುದನ್ನು ಇಂದು ತಿಳಿಯೋಣ.

ಅಟ್ಟದ ಮೇಲಿನ ಬಲಿಪೂಜೆ

ರೆಗ್ನಿಯರ್ ಡಿ ಗ್ರಾಫ್ ಹುಟ್ಟಿದ್ದು 1641ರ ಜುಲೈ 30ರಂದು, ಹಾಲೆಂಡಿನ ಸ್ಕೂನ್‌ಹೋವನ್ ಎಂಬ ಪುಟ್ಟ ಊರಿನಲ್ಲಿ. ಅವರದು ಕಥೋಲಿಕ ಕುಟುಂಬ. ಆ ಕಾಲದ ಡಚ್ ಗಣರಾಜ್ಯದಲ್ಲಿ ಕಥೋಲಿಕರಾಗಿರುವುದು ಸುಲಭವಾಗಿರಲಿಲ್ಲ. ಸ್ಪೇನ್ ದೊರೆಯ ವಿರುದ್ಧ ಬಹುಕಾಲ ಹೋರಾಡಿ ಎದ್ದು ನಿಂತಿದ್ದ ಆ ನಾಡು ಪ್ರಾಟೆಸ್ಟಂಟ್ ಪಂಥವನ್ನು ಎತ್ತಿಹಿಡಿದಿತ್ತು. ಹಳೆಯ ದೇವಾಲಯಗಳೆಲ್ಲ ಅವರ ವಶದಲ್ಲಿದ್ದವು. ಕಥೋಲಿಕರು ಬಹಿರಂಗವಾಗಿ ಬಲಿಪೂಜೆ ನಡೆಸುವಂತಿರಲಿಲ್ಲ, ಸರಕಾರದ ಹುದ್ದೆ ಹಿಡಿಯುವಂತಿರಲಿಲ್ಲ.

ಆದರೂ ವಿಶ್ವಾಸ ಆರಿರಲಿಲ್ಲ. ಹೊರಗಿನಿಂದ ನೋಡಿದರೆ ಸಾಮಾನ್ಯ ಮನೆ. ಒಳಗೆ ಅಟ್ಟದ ಮೇಲೆ ಬಲಿಪೀಠ, ಬೆಂಚುಗಳು, ಮೇಣದ ಬತ್ತಿಗಳು. ಇಂಥ ಗುಪ್ತ ದೇವಾಲಯಗಳು ಹಾಲೆಂಡಿನ ಊರೂರಲ್ಲಿ ಇದ್ದವು. ಆಮ್ಸ್ಟರ್‌ಡ್ಯಾಮಿನಲ್ಲಿ 1663ರಲ್ಲಿ ಸಿದ್ಧವಾದ ಅಟ್ಟದ ದೇವಾಲಯವನ್ನು ಇಂದಿಗೂ ಹೋಗಿ ನೋಡಬಹುದು. ಅಧಿಕಾರಿಗಳಿಗೆ ವಿಷಯ ಗೊತ್ತಿದ್ದರೂ ಕಂಡೂ ಕಾಣದಂತೆ ಇರುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ಒಳಗೆ ಜೀವವಿದೆ ಎಂಬ ಅರಿವಿನಲ್ಲಿಯೇ ಬಾಲಕ ಗ್ರಾಫ್ ಬೆಳೆದರು.

ಬಾತುಕೋಳಿಯ ಗರಿ

ಓದಿನಲ್ಲಿ ಜಾಣನಾದ ಹುಡುಗನನ್ನು ಮೊದಲು ಲೂವೆನ್ ಪಟ್ಟಣದ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಮುಂದೆ ಉಟ್ರೆಕ್ಟ್, ಆಮೇಲೆ ಲೈಡನ್. ಲೈಡನ್‌ನಲ್ಲಿ ಅವರಿಗೆ ಸಿಲ್ವಿಯಸ್ ಮತ್ತು ವಾನ್ ಹೋರ್ನ್ ಎಂಬ ಹೆಸರಾಂತ ಗುರುಗಳು ದೊರೆತರು. ಹಳೆಯ ಗ್ರಂಥದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಕಣ್ಣಿಗೆ ಏನು ಕಾಣುತ್ತದೆ ಎನ್ನುವುದು ಮುಖ್ಯ ಎಂದು ಕಲಿಸಿದವರು ಅವರು.

ಅಲ್ಲಿನ ಒಡನಾಡಿಗಳಲ್ಲಿ ಇಬ್ಬರನ್ನು ನಾವು ನೆನಪಿಡಬೇಕು. ಒಬ್ಬರು ಯಾನ್ ಸ್ವಾಮರ್‌ಡ್ಯಾಮ್, ಕೀಟಗಳ ಒಳರಚನೆಯನ್ನು ಬಿಡಿಸಿ ತೋರಿಸಿ ಹೆಸರಾದವರು. ಇನ್ನೊಬ್ಬರು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್, ಲತೀನಿನಲ್ಲಿ ಸ್ಟೆನೊ. ಲೂಥರನ್ ಮನೆತನದ ಸ್ಟೆನೊ 1667ರಲ್ಲಿ ಫ್ಲಾರೆನ್ಸಿನಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1675ರಲ್ಲಿ ಗುರುಗಳಾದರು, 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದರು. ಗ್ರಾಫ್ ಅವರ ಕಥೆಯಲ್ಲಿ ಈ ಧನ್ಯ ಸ್ಟೆನೊ ಮತ್ತೆ ಬರುತ್ತಾರೆ.

ಗ್ರಾಫ್ ಅವರ ಮೊದಲ ಹೆಸರುವಾಸಿ ಕೆಲಸ ಮೇದೋಜೀರಕ ಗ್ರಂಥಿಯ ಕುರಿತಾದದ್ದು. ಆ ಗ್ರಂಥಿಯಿಂದ ಒಸರುವ ರಸವನ್ನು ಜೀವಂತ ನಾಯಿಯಿಂದ ಹೊರತೆಗೆಯಲು ಸಣ್ಣ ಕೊಳವೆ ಬೇಕಿತ್ತು. ಅವರು ಕಾಡು ಬಾತುಕೋಳಿಯ ಗರಿಯ ದಂಟನ್ನೇ ಕೊಳವೆಯಾಗಿ ಬಳಸಿದರು. 1664ರಲ್ಲಿ ಈ ಬಗ್ಗೆ ಪುಸ್ತಕ ಪ್ರಕಟವಾದಾಗ ಅವರಿಗೆ 23 ವರ್ಷ. ಮರುವರ್ಷ ಫ್ರಾನ್ಸಿಗೆ ಹೋಗಿ ಅಲ್ಲಿನ ಆಂಜೆ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದು ಸ್ವದೇಶಕ್ಕೆ ಮರಳಿದರು. ಡೆಲ್ಫ್ಟ್ ಪಟ್ಟಣದಲ್ಲಿ ವೈದ್ಯವೃತ್ತಿ ಆರಂಭಿಸಿದರು. ಜಗತ್ಪ್ರಸಿದ್ಧ ಚಿತ್ರಕಾರ ವರ್ಮೀರ್ ಆಗ ಅದೇ ಊರಿನಲ್ಲಿ, ಗುಪ್ತ ದೇವಾಲಯವೊಂದರ ನೆರೆಯಲ್ಲಿ, ಕಥೋಲಿಕಳಾದ ಹೆಂಡತಿ ಮತ್ತು ಮಕ್ಕಳೊಡನೆ ವಾಸವಾಗಿದ್ದರು.

ಲೈಡನ್ ವಿಶ್ವವಿದ್ಯಾಲಯದ ಪೀಠ ಗ್ರಾಫ್ ಅವರ ಯೋಗ್ಯತೆಗೆ ತಕ್ಕದ್ದಾಗಿತ್ತು. 1672ರಲ್ಲಿ ಗುರು ಸಿಲ್ವಿಯಸ್ ತೀರಿಕೊಂಡಾಗ ಅದು ತೆರವಾಯಿತು. ಆದರೆ ಕಥೋಲಿಕರಿಗೆ ಆ ಬಾಗಿಲು ಮುಚ್ಚಿತ್ತು. ಅವರು ವಿಶ್ವಾಸ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ತಮ್ಮ ಶೋಧನೆ ಮುಂದುವರಿಸಿದರು.

ಗಂಡಿನ ಒಡಲೊಳಗಿನ ನೂಲಿನುಂಡೆ

1668ರಲ್ಲಿ ಗ್ರಾಫ್ ಅವರು ಗಂಡಿನ ಜನನಾಂಗಗಳನ್ನು ಕುರಿತು ಗ್ರಂಥ ಬರೆದರು. ನಾಚಿಕೆಯಿಂದಲೋ ಅಸಡ್ಡೆಯಿಂದಲೋ ಎಷ್ಟೋ ವೈದ್ಯರು ಮೇಲೆ ಮೇಲೆ ನೋಡಿ ಬಿಟ್ಟಿದ್ದ ವಿಷಯ ಅದು. ವೃಷಣವೆಂದರೆ ಮೆದುವಾದ ಮಾಂಸದ ಮುದ್ದೆ ಅಥವಾ ಒಂದು ಗ್ರಂಥಿ ಎಂದು ಬಹಳ ಜನ ತಿಳಿದಿದ್ದರು. ಗ್ರಾಫ್ ಹಾಗಲ್ಲವೆಂದರು. ಅವರು ಡಾರ್‌ಮೌಸ್ ಎಂಬ ಇಲಿಯಂಥ ಸಣ್ಣ ಪ್ರಾಣಿಯನ್ನು ಆರಿಸಿಕೊಂಡರು. ಅದರ ವೃಷಣವನ್ನು ನೀರಿನಲ್ಲಿ ಅಲುಗಿಸಿದರೆ ಸುತ್ತಿದ ನೂಲಿನುಂಡೆ ಬಿಚ್ಚಿದಂತೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ವೃಷಣವೆಂದರೆ ಅತಿ ಸೂಕ್ಷ್ಮವಾದ ನಾಳಗಳ ರಾಶಿ, ವೀರ್ಯ ತಯಾರಾಗುವುದು ಈ ನಾಳಗಳಲ್ಲಿಯೇ ಎಂದು ಅವರು ಸಾರಿದರು. ತುಂಡಾಗದಂತೆ ಬಿಡಿಸಿ ಒಂದಕ್ಕೊಂದು ಕಟ್ಟಿದರೆ ಈ ಎಳೆಗಳು ಇಪ್ಪತ್ತು ಡಚ್ ಮೊಳಗಳನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 14 ಮೀಟರನ್ನು, ಬಹುವಾಗಿ ಮೀರುತ್ತವೆ ಎಂದು ಅಂದಾಜು ಮಾಡಿದರು. ಮನುಷ್ಯನಲ್ಲಿ ಅವುಗಳ ಉದ್ದ ನೂರಾರು ಮೀಟರ್ ಎಂದು ಇಂದು ನಮಗೆ ಗೊತ್ತಿದೆ.

ಇದರ ಅರ್ಥವೇನು? ಗಂಡಿನ ಬೀಜವೆಂಬುದು ತಾನಾಗಿ ಉಕ್ಕಿ ಬರುವ ಬತ್ತದ ಒರತೆಯಲ್ಲ. ಅದನ್ನು ದೇಹ ದಿನದಿನವೂ ನೇಯಬೇಕು. ಮಗ್ಗ ಕೆಟ್ಟರೆ ನೇಯ್ಗೆ ಕೆಡುತ್ತದೆ. ಹೊರಗೆ ಗಂಡಸು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಒಳಗಿನ ಈ ನೂಲಿನ ಕೆಲಸ ಸರಿಯಿದೆಯೆಂದು ಹೇಳಲಾಗದು.

ಮೊಲಗಳ ಮುಂದೆ

ಹೆಣ್ಣಿನ ಪಾಲೇನು? ಇದು ಗ್ರಾಫ್ ಅವರ ಮುಂದಿನ ಪ್ರಶ್ನೆ. ಗಂಡು ರೂಪ ಕೊಡುತ್ತಾನೆ, ಹೆಣ್ಣು ಬರಿಯ ಪದಾರ್ಥ ಒದಗಿಸುತ್ತಾಳೆ ಎಂದು ಗ್ರೀಸ್ ದೇಶದ ಅರಿಸ್ಟಾಟಲ್ ಹೇಳಿದ್ದು ಎರಡು ಸಾವಿರ ವರ್ಷ ಉಳಿದಿತ್ತು. ರಕ್ತಪರಿಚಲನೆಯನ್ನು ಕಂಡುಹಿಡಿದ ಇಂಗ್ಲೆಂಡಿನ ಹಾರ್ವೆಯಂಥ ಮೇಧಾವಿಯೂ ಇಲ್ಲಿ ಸೋತಿದ್ದರು. ಅವರು ದೊರೆಯ ಬೇಟೆಯ ಜಿಂಕೆಗಳನ್ನು ಕೊಯ್ದು ನೋಡಿದರು. ಕೂಡುವ ಕಾಲ ಕಳೆದು ವಾರಗಟ್ಟಲೆಯಾದರೂ ಗರ್ಭಾಶಯದಲ್ಲಿ ಏನೂ ಕಾಣಲಿಲ್ಲ. ಹೆಣ್ಣಿನ ಅಂಡಾಶಯಕ್ಕೆ ಈ ಕಾರ್ಯದಲ್ಲಿ ಪಾತ್ರವೇ ಇಲ್ಲವೆಂದು 1651ರಲ್ಲಿ ಬರೆದುಬಿಟ್ಟರು.

1667ರಲ್ಲಿ ಸ್ಟೆನೊ ಮರಿ ಹಾಕುವ ಜಾತಿಯ ಶಾರ್ಕ್ ಮೀನನ್ನು ಕೊಯ್ದು ನೋಡಿ, ಹೆಣ್ಣಿನ ವೃಷಣಗಳೆಂದು ಕರೆಯಲಾಗುತ್ತಿದ್ದ ಅಂಗಗಳು ನಿಜವಾಗಿ ಮೊಟ್ಟೆಗಳ ಮನೆ ಎಂದು ಸೂಚಿಸಿದರು. ಸೂಚನೆಯೇನೋ ಬಂತು, ಪುರಾವೆ ಬೇಕಿತ್ತು. ಪುರಾವೆಗೆ ಗ್ರಾಫ್ ಮೊಲವನ್ನು ಆರಿಸಿಕೊಂಡರು. ಹಾಲೆಂಡಿನ ಕಡಲತಡಿಯ ಮರಳುದಿಬ್ಬಗಳಲ್ಲಿ ಮೊಲಗಳು ಹೇರಳವಾಗಿದ್ದವು. ಸಾಕುವುದು ಸುಲಭ, ಒಂದು ತಿಂಗಳಲ್ಲಿ ಮರಿ.

ಅವರ ವಿಧಾನ ಸರಳ. ಹೆಣ್ಣು ಮೊಲವನ್ನು ಗಂಡಿನ ಬಳಿ ಬಿಟ್ಟ ಗಳಿಗೆಯನ್ನು ಗುರುತು ಹಾಕಿಕೊಳ್ಳುವುದು. ಆಮೇಲೆ ಗೊತ್ತಾದ ವೇಳೆಗೆ ಒಂದೊಂದನ್ನು ಕೊಯ್ದು ಒಳಗೆ ನೋಡುವುದು. ಅರ್ಧ ಗಂಟೆಗೆ ಒಂದು, 6 ಗಂಟೆಗೆ ಒಂದು, 24 ಗಂಟೆಗೆ, 48 ಗಂಟೆಗೆ, ಮೂರು ದಿನಕ್ಕೆ, ಹೀಗೆ 29ನೇ ದಿನದ ತನಕ. ಅಷ್ಟು ಮೂಕಪ್ರಾಣಿಗಳ ಜೀವ ಹೋಯಿತಲ್ಲ ಎಂದು ನಮ್ಮ ಮನಸ್ಸು ನೋಯುತ್ತದೆ. ಆದರೆ ಅಂದಿನ ವೈದ್ಯರಿಗೆ ದೇಹದೊಳಗೆ ನೋಡಲು ಬೇರೆ ದಾರಿಯಿರಲಿಲ್ಲ.

ಮೊದಲ ಕೆಲವು ಗಂಟೆ ಅಂಡಾಶಯದಲ್ಲಿ ಹೆಚ್ಚಿನ ಬದಲಾವಣೆಯಿಲ್ಲ. ಒಂದು ದಿನ ಕಳೆಯುವಾಗ ಅಂಡಾಶಯದ ಮೇಲಿನ ಕೆಲವು ಗುಳ್ಳೆಗಳು ಕೆಂಪೇರಿ ಬದಲಾಗಿದ್ದವು. ಮೂರನೆಯ ದಿನ ಅಂಡಾಶಯದಿಂದ ಹೊರಟ ನಾಳದಲ್ಲಿ ಹಾಗೂ ಗರ್ಭಾಶಯದ ಕೊಂಬಿನಲ್ಲಿ ಸಾಸಿವೆಗಿಂತ ಚಿಕ್ಕದಾದ ದುಂಡನೆಯ ಕಣಗಳು ಕಂಡವು. ಗ್ರಾಫ್ ಎಣಿಸಿದರು. ಅಂಡಾಶಯದಲ್ಲಿ ಒಡೆದು ಬರಿದಾದ ಗುಳ್ಳೆಗಳೆಷ್ಟೋ, ಕೆಳಗೆ ಸಾಮಾನ್ಯವಾಗಿ ಕಣಗಳೂ ಅಷ್ಟೇ. ದಿನ ಕಳೆದಂತೆ ಅವೇ ಬೆಳೆದು ಮರಿಗಳಾದವು. ಹಾಗಾದರೆ ಹೆಣ್ಣು ಬರಿಯ ಹೊಲವಲ್ಲ. ಜೀವದ ಒಂದು ಪಾಲು ಅವಳ ಒಡಲಿನಿಂದಲೇ ಇಳಿದು ಬರುತ್ತದೆ. 1672ರಲ್ಲಿ ಹೆಣ್ಣಿನ ಅಂಗಗಳ ಕುರಿತ ಗ್ರಂಥದಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದರು.

ಹಾರ್ವೆಗೆ ಕಾಣದ್ದು ಗ್ರಾಫ್ ಅವರಿಗೆ ಕಂಡದ್ದೇಕೆ? ಜಿಂಕೆಯ ಎಳೆಯ ಭ್ರೂಣ ದುಂಡಾಗಿರದೆ ದಾರದಂತೆ ತೆಳುವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕಣ್ಣಿಗೆ ಅದು ಲೋಳೆಯಂತೆ ತೋರಿ ತಪ್ಪಿಸಿಕೊಳ್ಳುತ್ತದೆ. ಮೊಲದ ಮೊಟ್ಟೆಗಾದರೋ ನಾಳದಲ್ಲಿ ಇಳಿಯುವಾಗ ದಪ್ಪನೆಯ ಲೋಳೆಯ ಹೊದಿಕೆ ಬೆಳೆದು, ಚುರುಕು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಇನ್ನೊಂದು ವಿಶೇಷವೂ ಇದೆ. ಆಕಳು ಎಮ್ಮೆಗಳಲ್ಲಿ ಬೆದೆಯ ಕಾಲಕ್ಕೆ ಸರಿಯಾಗಿ ತಾನಾಗಿಯೇ ಅಂಡಾಣು ಬಿಡುಗಡೆಯಾಗುತ್ತದೆ. ಮೊಲದಲ್ಲಿ ಹಾಗಲ್ಲ. ಗಂಡು ಕೂಡಿದ ಮೇಲೆಯೇ ಹೆಣ್ಣಿನ ಮೆದುಳಿಗೆ ಸುದ್ದಿ ಮುಟ್ಟಿ, ಸುಮಾರು 10 ಗಂಟೆಗಳ ಬಳಿಕ ಅಂಡಾಣುಗಳು ಹೊರಬರುತ್ತವೆ. ಆದ್ದರಿಂದಲೇ ಗ್ರಾಫ್ ಅವರ ಗಂಟೆಗಳ ಲೆಕ್ಕ ತಪ್ಪದೆ ಹೊಂದಿಕೊಂಡಿತು. ಈ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ತಿಳಿಯದೆಯೇ ಸರಿಯಾದ ಪ್ರಾಣಿಯನ್ನು ಆರಿಸಿಕೊಂಡಿದ್ದರು.

ತಪ್ಪಿದ ಎರಡು ಹೆಜ್ಜೆ

ಗ್ರಾಫ್ ಎಲ್ಲವನ್ನೂ ಸರಿಯಾಗಿ ಹೇಳಿದರೆಂದಲ್ಲ. ಅಂಡಾಶಯದ ಗುಳ್ಳೆಯನ್ನೇ ಅವರು ಮೊಟ್ಟೆ ಎಂದುಕೊಂಡರು. ನಾಳದಲ್ಲಿ ಸಿಕ್ಕ ಕಣ ಆ ಗುಳ್ಳೆಗಿಂತ ಸುಮಾರು ಹತ್ತು ಪಾಲು ಚಿಕ್ಕದೆಂಬುದು ಅವರ ಕಣ್ಣಿಗೂ ಬಿದ್ದಿತ್ತು. ತಮ್ಮ ವಾದಕ್ಕೆ ತೊಡಕಾದ ಈ ವಿಷಯವನ್ನು ಅವರು ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟರು. 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ನಾಯಿಯ ಅಂಡಾಶಯದಲ್ಲಿ, ಗುಳ್ಳೆಯೊಳಗೆ ಅಡಗಿದ್ದ ನಿಜವಾದ ಅಂಡಾಣುವನ್ನು ಕಂಡಾಗ ಆ ತೊಡಕು ಬಿಡಿಸಿಕೊಂಡಿತು. ಗುಳ್ಳೆ ಮೊಟ್ಟೆಯಲ್ಲ, ಮೊಟ್ಟೆಯ ತೊಟ್ಟಿಲು. ಆ ತೊಟ್ಟಿಲಿಗೇ ಇಂದು ಗ್ರಾಫ್ ಅವರ ಹೆಸರಿದೆ.

ಎರಡನೆಯ ತಪ್ಪು ಗಂಡಿನ ಪಾಲನ್ನು ಕುರಿತದ್ದು. ವೀರ್ಯದಲ್ಲಿ ಏನಿದೆ ಎಂದು ಅವರಿಗೆ ತಿಳಿಯಲಿಲ್ಲ. ಕೂಡಿದ ಮೇಲೆ ಅಂಡಾಶಯದ ತನಕ ವೀರ್ಯ ತಲುಪಿದ್ದು ಕಾಣಿಸದ ಕಾರಣ, ಅದರಿಂದ ಎದ್ದ ಸೂಕ್ಷ್ಮವಾದ ಆವಿಯೊಂದು ಮೊಟ್ಟೆಗೆ ಜೀವ ತುಂಬುತ್ತದೆ ಎಂದು ನಂಬಿದರು. ಗಂಡಿನ ಒಡಲೊಳಗಿನ ಮಗ್ಗವನ್ನು ಬಿಚ್ಚಿ ತೋರಿಸಿದವರಿಗೆ ಅದು ನೇಯ್ದ ಬಟ್ಟೆ ಕಾಣಲಿಲ್ಲ.

ಕಹಿ ತುಂಬಿದ ಕೊನೆಯ ವರ್ಷ

1672 ಹಾಲೆಂಡಿಗೆ ಕೆಟ್ಟ ವರ್ಷ. ಫ್ರಾನ್ಸಿನ ಸೈನ್ಯ ಗಡಿ ದಾಟಿ ಬಂದಿತ್ತು. ಶತ್ರುವನ್ನು ತಡೆಯಲು ಡಚ್ಚರು ತಮ್ಮ ಹೊಲಗಳಿಗೆ ತಾವೇ ನೀರು ಹಾಯಿಸಿ ಮುಳುಗಿಸಿದರು. ಅದೇ ವರ್ಷ ಗ್ರಾಫ್ ಮರಿಯಾ ವಾನ್ ಡೈಕ್ ಎಂಬಾಕೆಯನ್ನು ಮದುವೆಯಾದರು. ಅದೇ ವರ್ಷ ಹಳೆಯ ಸ್ನೇಹವೊಂದು ಮುರಿಯಿತು. ಮೊಟ್ಟೆಗಳ ವಿಷಯವನ್ನು ಮೊದಲು ಕಂಡವರು ತಾವು ಹಾಗೂ ಗುರು ವಾನ್ ಹೋರ್ನ್ ಎಂದು ಸ್ವಾಮರ್‌ಡ್ಯಾಮ್ ಸಿಟ್ಟಿನಿಂದ ಬರೆದರು. ಗ್ರಾಫ್ ಅಷ್ಟೇ ಬಿರುಸಾಗಿ ಉತ್ತರಿಸಿದರು. ವಿವಾದ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೋಯಿತು. ಮೊದಲಿಗನೆಂಬ ಗೌರವ ಇವರಿಬ್ಬರಿಗೂ ದೊರೆಯಲಿಲ್ಲ, ಸ್ಟೆನೊಗೆ ಸಂದಿತು. ಅಷ್ಟರಲ್ಲಿ ಸ್ಟೆನೊ ಇಂಥ ಜಗಳಗಳಿಂದ ದೂರ ಸರಿದು ಗುರುದೀಕ್ಷೆಯ ಹಾದಿ ಹಿಡಿಯುವವರಿದ್ದರು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೆ ಬಿತ್ತು. ಮರಿಯಾ ಗಂಡು ಮಗುವನ್ನು ಹೆತ್ತಳು. ಫ್ರೆಡರಿಕ್ ಎಂಬ ಹೆಸರಿನ ಆ ಕಂದ ಒಂದು ತಿಂಗಳು ಬದುಕಿ ತೀರಿಕೊಂಡಿತು. ಜೀವ ಹೇಗೆ ಮೊಳೆಯುತ್ತದೆ ಎಂದು ಗಂಟೆ ಗಂಟೆಗೆ ಲೆಕ್ಕವಿಟ್ಟ ವೈದ್ಯರಿಗೆ ತಮ್ಮ ಮಗುವಿನ ಜೀವವನ್ನು ಹಿಡಿದಿಡಲಾಗಲಿಲ್ಲ. 1673ರ ಆಗಸ್ಟ್ ತಿಂಗಳಲ್ಲಿ ಗ್ರಾಫ್ ಅವರೂ ಹೊರಟುಹೋದರು. ಆಗವರಿಗೆ 32 ವರ್ಷ. ಡೆಲ್ಫ್ಟಿನ ಹಳೆಯ ದೇವಾಲಯದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಒಂದೇ ವರ್ಷದ ದಾಂಪತ್ಯ ಮುಗಿದು, ಮಗುವಿಲ್ಲದೆ ಗಂಡನಿಲ್ಲದೆ ಮರಿಯಾ ಒಬ್ಬಳೇ ಉಳಿದಳು.

ಒಂದು ಪತ್ರದ ಫಲ

ಸಾಯುವ ಕೆಲವೇ ತಿಂಗಳ ಮುಂಚೆ, 1673ರ ಏಪ್ರಿಲಿನಲ್ಲಿ, ಗ್ರಾಫ್ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಡೆಲ್ಫ್ಟಿನಲ್ಲಿ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ, ಲತೀನ್ ಬಾರದು. ಆದರೆ ಗಾಜಿನ ಪುಟ್ಟ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗ್ರಾಫ್ ರಾಯಲ್ ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಬರೆದು ಈ ನೆರೆಯವರನ್ನು ಪರಿಚಯಿಸಿದರು. ತಾವು ಕೀರ್ತಿಗಾಗಿ ಜಗಳವಾಡುತ್ತಿದ್ದ ದಿನಗಳಲ್ಲಿಯೇ ಇನ್ನೊಬ್ಬರ ಕೀರ್ತಿಗೆ ಬಾಗಿಲು ತೆರೆದರು ಎಂಬುದು ಗಮನಿಸಬೇಕಾದ ಮಾತು.

ನಾಲ್ಕು ವರ್ಷಗಳ ಬಳಿಕ, 1677ರಲ್ಲಿ, ಲೇವೆನ್‌ಹುಕ್ ವೀರ್ಯದ ಹನಿಯನ್ನು ಮಸೂರದಡಿ ಇಟ್ಟು ನೋಡಿದರು. ಅದರಲ್ಲಿ ಬಾಲವುಳ್ಳ ಅಸಂಖ್ಯ ಜೀವಿಗಳು ಈಜುತ್ತಿದ್ದವು. ಅವರು ಕಳುಹಿಸಿದ ಮೊದಲ ಚಿತ್ರಗಳಲ್ಲಿ ಮೊಲದ ಮತ್ತು ನಾಯಿಯ ವೀರ್ಯಾಣುಗಳಿದ್ದವು. ಗ್ರಾಫ್ ಆವಿ ಎಂದುಕೊಂಡಿದ್ದ ಜಾಗದಲ್ಲಿ ಕಣ್ಣಿಗೆ ಕಾಣುವ ವೀರ್ಯಾಣು ಬಂದು ನಿಂತಿತು.

ಆದರೆ ಮನುಷ್ಯನ ಬುದ್ಧಿ ನೋಡಿ. ವೀರ್ಯಾಣುವನ್ನು ಕಂಡ ಲೇವೆನ್‌ಹುಕ್ ಹೆಣ್ಣಿನ ಮೊಟ್ಟೆಯನ್ನೇ ಅಲ್ಲಗಳೆದರು. ಎಲ್ಲವೂ ಗಂಡಿನ ಬೀಜದಲ್ಲಿಯೇ ಇದೆ, ಹೆಣ್ಣು ಅದನ್ನು ಪೋಷಿಸುವವಳು ಮಾತ್ರ ಎಂದು ವಾದಿಸಿದರು. ಹಳೆಯ ಹೊಲ-ಬೀಜದ ಮಾತು ಹೊಸ ವೇಷದಲ್ಲಿ ಮರಳಿತು. ಮೊಟ್ಟೆಯ ಪಕ್ಷ, ವೀರ್ಯಾಣುವಿನ ಪಕ್ಷ ಎಂದು ಪಂಡಿತರು ನೂರಾರು ವರ್ಷ ಕಿತ್ತಾಡಿದರು. 1875ರಲ್ಲಿ ಆಸ್ಕರ್ ಹರ್ಟ್‌ವಿಗ್ ಎಂಬ ಜರ್ಮನ್ ವಿಜ್ಞಾನಿ ಕಡಲಿನ ಮುಳ್ಳುಜೀವಿಯೊಂದರಲ್ಲಿ, ಮೊಟ್ಟೆಯ ಒಳತಿರುಳೂ ವೀರ್ಯಾಣುವಿನ ಒಳತಿರುಳೂ ಒಂದಾಗುವುದನ್ನು ತೋರಿಸಿಕೊಟ್ಟರು. ಎರಡೂ ಪಾಲು ಸೇರಿಯೇ ಜೀವ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1951ರಲ್ಲಿ ಅಮೆರಿಕದಲ್ಲಿ ಚಾಂಗ್, ಆಸ್ಟ್ರೇಲಿಯದಲ್ಲಿ ಆಸ್ಟಿನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ವಿಷಯ ಕಂಡುಕೊಂಡರು. ಗಂಡು ಮೊಲದ ವೀರ್ಯಾಣು ಬಂದ ಕೂಡಲೇ ಅಂಡಾಣುವನ್ನು ಸೇರಲಾರದು. ಹೆಣ್ಣಿನ ಒಡಲಿನಲ್ಲಿ ಕೆಲವು ಗಂಟೆ ಕಳೆದು ಹದಗೊಂಡ ಮೇಲೆಯೇ ಅದಕ್ಕೆ ಆ ಶಕ್ತಿ ಬರುತ್ತದೆ. ಗಂಡಿನ ಬರವಿಗಾಗಿ ಹೆಣ್ಣಿನ ಅಂಡಾಣು ಕಾಯುತ್ತದೆ, ಹೆಣ್ಣಿನ ಆರೈಕೆಗಾಗಿ ಗಂಡಿನ ಬೀಜ ಕಾಯುತ್ತದೆ.

ಮತ್ತೆ ತಡಸದ ಹಿತ್ತಲಿಗೆ

ಈಗ ಆ ಮೂಲೆಯ ಗೂಡಿನ ಗಂಡು ಮೊಲವನ್ನು ನೋಡೋಣ. ನಮ್ಮ ಹೊಲಗಳ ಬದುವಿನಲ್ಲಿ ಜಿಗಿದೋಡುವ ಕಾಡುಮೊಲ ಬೇರೆ ಜಾತಿ. ಅದರ ಮರಿ ಮೈತುಂಬ ಕೂದಲು, ತೆರೆದ ಕಣ್ಣಿನೊಡನೆ ಹುಟ್ಟುತ್ತದೆ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಹಿಡಿಯುವಂತಿಲ್ಲ. ಸಾಕುಮೊಲ ಯುರೋಪಿನ ಮೂಲದ್ದು, ಗ್ರಾಫ್ ಕಂಡ ಮೊಲಗಳ ಕುಲದ್ದೇ. ಅದರ ಮರಿ ಹುಟ್ಟುವಾಗ ಬೆತ್ತಲೆ, ಕುರುಡು.

ಗಂಡು ಮರಿಯ ವೃಷಣಗಳು ಹೊಟ್ಟೆಯಿಂದ ಕೆಳಗಿಳಿಯಲು ಸುಮಾರು ಮೂರು ತಿಂಗಳು ಬೇಕು. ಇಳಿದ ಮೇಲೂ ಮೊಲ ಬೇಕೆಂದಾಗ ಅವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು, ಏಕೆಂದರೆ ಆ ದಾರಿ ಅದರಲ್ಲಿ ಕೊನೆಯತನಕ ತೆರೆದೇ ಇರುತ್ತದೆ. ಒಮ್ಮೆ ಕಾಣಲಿಲ್ಲವೆಂದು ದೋಷ ಎಣಿಸಬಾರದು. ಮಧ್ಯಮ ಗಾತ್ರದ ತಳಿಯ ಗಂಡನ್ನು ಆರೇಳು ತಿಂಗಳು ತುಂಬುವ ಮೊದಲು ಸಂತಾನಕ್ಕೆ ಬಳಸದಿರುವುದು ಒಳ್ಳೆಯದು. ಎಂಟು ಹತ್ತು ಹೆಣ್ಣುಗಳಿಗೆ ಒಂದು ಗಂಡು ಸಾಕು. ಆದರೆ ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಅದಕ್ಕೆ ದಣಿವು ಕೊಡಬಾರದು. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು, ಗಂಡನ್ನು ಹೆಣ್ಣಿನ ಗೂಡಿಗಲ್ಲ. ತನ್ನ ಜಾಗಕ್ಕೆ ಬಂದವನ ಮೇಲೆ ಹೆಣ್ಣು ಎರಗುವುದುಂಟು.

ಗಂಡು ಮೊಲದ ದೊಡ್ಡ ಶತ್ರು ಸೆಕೆ. ಮೊಲ ನಮ್ಮಂತೆ ಬೆವರುವುದಿಲ್ಲ. ಹೆಚ್ಚಾಗಿ ಉದ್ದ ಕಿವಿಗಳ ಮೂಲಕ ಮೈಯ ಕಾವನ್ನು ಹೊರಹಾಕಬೇಕು. ಗೂಡಿನ ಬಿಸಿ 30 ಡಿಗ್ರಿ ದಾಟಿ ದಿನಗಟ್ಟಲೆ ಹಾಗೆಯೇ ಇದ್ದರೆ ವೃಷಣದೊಳಗಿನ ಆ ನೂಲಿನ ಕೆಲಸ ಕೆಡುತ್ತದೆ. ವೀರ್ಯಾಣುಗಳ ಎಣಿಕೆ ಇಳಿಯುತ್ತದೆ, ಚಲನೆ ಕುಂದುತ್ತದೆ, ಕೆಟ್ಟ ಆಕಾರದವು ಹೆಚ್ಚುತ್ತವೆ. ಒಂದು ವೀರ್ಯಾಣು ಮೊದಲಿನಿಂದ ತಯಾರಾಗಲು ಮೊಲದಲ್ಲಿ ಸುಮಾರು ಏಳು ವಾರ ಬೇಕು. ಹೀಗಾಗಿ ಮೇ ತಿಂಗಳ ಬಿಸಿಲಿನ ಸಾಲವನ್ನು ಜೂನ್, ಜುಲೈಗಳಲ್ಲಿ ತೀರಿಸಬೇಕಾಗುತ್ತದೆ. ಮಳೆ ಬಿದ್ದು ನೆಲ ತಂಪಾಗಿದ್ದರೂ ಗಂಡು ಇನ್ನೂ ಬರಿದಾಗಿಯೇ ಇರುತ್ತದೆ. ಮೇವು ತಿನ್ನುತ್ತದೆ, ಹೆಣ್ಣನ್ನು ಕೂಡುತ್ತದೆ, ನೋಡುವವರಿಗೆ ಯಾವ ಕೊರತೆಯೂ ಕಾಣದು.

ತಗಡಿನ ಮಾಡಿನ ಮೇಲೆ ಒದ್ದೆ ಗೋಣಿತಾಟು ಹಾಸಿದರೆ, ಗೂಡನ್ನು ಮರದ ನೆರಳಿಗೆ ಸರಿಸಿದರೆ, ತಣ್ಣೀರು ಸದಾ ಇಟ್ಟರೆ, ಬೆಳಗಿನ ತಂಪಿನಲ್ಲಿ ಕೂಡಿಸಿದರೆ ಎಷ್ಟೋ ನಷ್ಟ ತಪ್ಪುತ್ತದೆ. ಎರಡು ತಿಂಗಳು ತಾಳ್ಮೆಯಿಂದ ಕಾದರೆ ಅದೇ ಗಂಡು, ಅದೇ ಹೆಣ್ಣುಗಳು ಮತ್ತೆ ಗೂಡು ತುಂಬಬಹುದು. ಗೊಡ್ಡೆಂದು ಸಂತೆಗೆ ಹೊರಟಿದ್ದ ಆ ಹೆಣ್ಣು ಮೊಲಗಳು ನಿರಪರಾಧಿಗಳು.

ನಮ್ಮ ಮನೆಗಳಿಗೆ

ಮನುಷ್ಯರ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಹೇಳುವುದೂ ಇದನ್ನೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ಅದೊಂದೇ ಕಾರಣ, ಕೆಲವೊಮ್ಮೆ ಇಬ್ಬರದೂ ಸೇರಿದ್ದು. ಗಂಡಸಿನಲ್ಲಿ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಜೋರು ಜ್ವರ, ತಂಬಾಕು, ಕುಡಿತ, ವೃಷಣಗಳಿಗೆ ತಗಲುವ ಅತಿ ಕಾವು, ಇವೆಲ್ಲವೂ ಆ ಕೆಲಸಕ್ಕೆ ಅಡ್ಡ ಬರುತ್ತವೆ. ಗಂಡಸಿನ ಪರೀಕ್ಷೆ ಹೆಂಗಸಿನ ಪರೀಕ್ಷೆಗಳಿಗಿಂತ ಸುಲಭ, ನೋವಿಲ್ಲದ್ದು. ಆದರೂ ಅವಳು ನಾಲ್ಕಾರು ಆಸ್ಪತ್ರೆ ಅಲೆದ ಮೇಲೆಯೇ ಅವನ ಸರದಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಅದು ಪೌರುಷದ ಪ್ರಶ್ನೆಯಲ್ಲ, ಕೆಲವು ವಾರ ನೂಲು ಕಡಿದ ಮಗ್ಗದ ಪ್ರಶ್ನೆಯೂ ಇರಬಹುದು. ಅದನ್ನು ತಿಳಿಯದೆ ಒಬ್ಬ ಹೆಣ್ಣುಮಗಳನ್ನು ಬಂಜೆ ಎಂದು ಕರೆಯುವುದು ಸುಳ್ಳು ಸಾಕ್ಷಿ ಹೇಳಿದಂತೆ.

ಗ್ರಾಫ್ ಅವರ ವಂಶ ಅವರೊಂದಿಗೇ ನಿಂತಿತು. ಫ್ರೆಡರಿಕ್ ಉಳಿಯಲಿಲ್ಲ. ಆದರೂ ಅವರ ಬಾಳನ್ನು ಬಂಜರೆನ್ನಲು ಯಾರಿಗೆ ಮನಸ್ಸು ಬಂದೀತು? ತೊಟ್ಟಿಲು ಬರಿದಾದ ಮನೆಯಲ್ಲಿ ಕುಳಿತ ಆ ಗಂಡಹೆಂಡಿರಲ್ಲಿ ಯಾರು ಯಾರನ್ನು ದೂರಬಹುದಿತ್ತು? ನಮ್ಮ ನೆರೆಯಲ್ಲಿ ಅಂಥ ಒಂದು ಮನೆಯಿದ್ದರೆ ಕಾರಣ ಕೇಳುವ ಬದಲು ಬಾಗಿಲು ತಟ್ಟಿ, ಒಂದು ಹೊತ್ತು ಅವರೊಡನೆ ಕುಳಿತು ಬರೋಣ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಮೊದಲ ದಿನವೇ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಲಿ.